ಜೇಬು ಸೇರಿದ ಸೀಟಿ

ಅಕ್ಕನ ಹೆಣವನ್ನು ಕಮರಿಯಿಂದ ಮೇಲೆತ್ತುವ ಹೊತ್ತಿಗೆ ಮಂಜು ಕರಗಿ ಬಿಸಿಲು ಬಿದ್ದಿತ್ತು. ಆ ಬಿಸಿಲಿನ ಮೇಲೂ ತಮ್ಮನಿಗೆ ಸಿಟ್ಟು ಬಂತು. ನಿನ್ನೆ ಎಲ್ಲಿ ಹಾಳಾಗಿ ಹೋಗಿತ್ತು ಇದು?

ಬೆಟ್ಟದ ಮೇಲಿನ ಆ ಮೀಸಲು ಕಾಡನ್ನು ನೋಡಲು ಬಂದವರಿಗೆ ಅಕ್ಕ ದಾರಿ ತೋರಿಸುವವಳು, ತಮ್ಮ ಜೀಪು ಓಡಿಸುವವನು. ಮಂಜು ಕವಿದರೆ ಅವಳು ಸೀಟಿ ಊದುವಳು, ಇವನು ಗೇಟಿನಿಂದ ಹಾರನ್ ಒತ್ತುವನು. ಆ ಸದ್ದು ಹಿಡಿದು ಅವಳು ನಡೆದು ಬರುವಳು. "ನಿನ್ನ ಒಡಕು ಹಾರನ್ ಕೇಳಿದ್ರೆ ಮನೆ ಸೇರಿದ ಹಾಗೇ ಕಣೋ," ಎಂದು ನಗುವಳು.

ನಿನ್ನೆ ಅವಳನ್ನು ಗೇಟಿಗೆ ಬಿಟ್ಟು ಬಂದ ಮೇಲೆ ಇವನಿಗೆ ಜ್ವರ ಏರಿತ್ತು. "ನೀನು ಮಲಕ್ಕೋ, ನಾನು ಕರ್ಕೊಂಡು ಬರ್ತೀನಿ," ಎಂದು ಕೀ ಇಸಿದುಕೊಂಡವನು ಭಾವ. ಅತಿಥಿಗೃಹದ ಮೇಲ್ವಿಚಾರಕ.

"ನಿನ್ನೆ ಕಾಡು ನೋಡೋಕೆ ಬಂದಿದ್ದ ಆ ಕ್ಯಾಮೆರಾದವನೇ ತಳ್ಳಿರೋದು!" ತಮ್ಮ ಕಿರುಚಿದ. "ಹಗ್ಗ ದಾಟಬೇಡಿ ಅಂದಿದ್ದಕ್ಕೆ ಅಕ್ಕನ ಜೊತೆ ಜಗಳ ಆಡಿದ್ದ!"

"ಮಂಜು ಬೀಳೋ ಮೊದಲೇ ಅವನು ಇಳಿದು ಬಂದಿದ್ದ. ಎಲ್ಲರೂ ನೋಡಿದ್ದಾರೆ," ಎಂದರು ಇನ್‌ಸ್ಪೆಕ್ಟರ್ ಮೇಡಂ. ಅಕ್ಕನ ಚೀಲದಲ್ಲಿ ಸಿಕ್ಕಿದ್ದನ್ನು ಪೊಲೀಸ್ ಜೀಪಿನ ಬಾನೆಟ್ ಮೇಲಿಟ್ಟರು — ಪ್ರಾಣಿ ಹಿಡಿಯುವ ತಂತಿಯ ಉರುಲು. ಪಕ್ಕದಲ್ಲಿ ಸೀಟಿ. "ಇದು ಕೋಟಿನ ಜೇಬಲ್ಲಿತ್ತು, ಮೇಲೆ ಗುಂಡಿ ಹಾಕಿತ್ತು. ದಾರಿ ತಪ್ಪಿದವರು ಸೀಟೀನ ಜೇಬಲ್ಲಿಡ್ತಾರಾ?"

ತಮ್ಮ ತಲೆಯಾಡಿಸಿದ. "ಇಲ್ಲ ಮೇಡಂ. ಹಾರನ್ ತೀರಾ ಹತ್ತಿರ ಕೇಳಿದ ಮೇಲೇನೇ ಒಳಗಿಡ್ತಿದ್ಲು."

ಮೇಡಂ ಭಾವನತ್ತ ತಿರುಗಿದರು. "ಹಾರನ್ ಒತ್ತಿದ್ರಾ?"

"ಒತ್ತದೆ ಇರ್ತೀನಾ? ಗೇಟಲ್ಲೇ ನಿಂತು ಒತ್ತಿ ಒತ್ತಿ ಕೈ ಬಿದ್ದು ಹೋಯ್ತು. ಬರಲೇ ಇಲ್ಲ."

"ಹೆಜ್ಜೆ ಗುರುತು ಬೇರೇನೇ ಹೇಳುತ್ತೆ. ನಿಮ್ಮ ಹೆಂಡತಿ ಗೇಟಿಗೆ ಬೆನ್ನು ಹಾಕಿ ನಡೆದಿದ್ದಾರೆ. ಅಂಚಿನವರೆಗೂ ನೆಟ್ಟಗೆ! ಕಮರಿ ಕಿರಿದು. ಆಚೆ ದಡದಲ್ಲಿ ಜೀಪು ಹೋಗೋ ಹಳೇ ರಸ್ತೆ ಇದೆ. ನೀವು ಹಾರನ್ ಒತ್ತಿದ್ದು ಅಲ್ಲಿಂದ. ಉರುಲಿನ ತಂತಿ ನಿಮ್ಮ ಅತಿಥಿಗೃಹದ ಬೇಲಿದು — ಉರುಲು ಹಾಕ್ತಿದ್ದವರು ನೀವೇ ಅಂತ ಅವರಿಗೆ ಗೊತ್ತಾಗಿತ್ತು. ಕೊಂದವರು ನೀವು."

ಭಾವ ಕುಸಿದು ಕೂತ. "ಯಾರಿಗೂ ಹೇಳಬೇಡ ಅಂತ ಕಾಲು ಹಿಡಿದೆ... ಕೇಳಲಿಲ್ಲ ಅವಳು."

ತಮ್ಮ ಅವನ ಕೊರಳಪಟ್ಟಿಗೆ ಕೈ ಹಾಕಿದ. ಪೇದೆಗಳು ಬಿಡಿಸಿದರು. ಆಮೇಲೆ ತಮ್ಮ ತನ್ನ ಜೀಪಿನ ಬಾನೆಟ್ ಎತ್ತಿ ಹಾರನ್ನಿನ ವೈರು ಕಿತ್ತೆಸೆದ. ಸಿಟ್ಟು ಅಲ್ಲಿಗೆ ಮುಗಿಯಿತು.

"ಜೀಪಲ್ಲಿ ನಾನಿಲ್ಲ ಅಂತ ಅಕ್ಕಂಗೆ ಗೊತ್ತಿತ್ತಾ, ಮೇಡಂ?"

ಮೇಡಂ ಸೀಟಿಯನ್ನು ಲಕೋಟೆಗೆ ಹಾಕಿದರು.

ಗುಂಡಿ ಹಾಕಿಕೊಳ್ಳುವಾಗ ಅವಳು ನಕ್ಕಿರಬೇಕು.