ಅಳಿಸದೆ ಉಳಿದ ಕಾಮೆಂಟ್

ಶಶಿಧರ್ ಪ್ರಿನ್ಸಿಪಾಲರ ಕೋಣೆಯಿಂದ ಹೊರಗೆ ಬರುವುದಕ್ಕೂ, ಪ್ಯೂನ್ ಬಂದು ಅರ್ಚನಾಳ ಕೈಗೆ ನೋಟಿಸ್ ಕೊಡುವುದಕ್ಕೂ ಸರಿಹೋಯಿತು. ಇವನೇ ಕಂಪ್ಲೇಂಟ್ ಕೊಟ್ಟಿದ್ದಾನೆ ಎಂದು ಅವಳು ನಿಂತಲ್ಲೇ ತೀರ್ಮಾನಿಸಿಬಿಟ್ಟಳು.

ಹಾಗೆ ಅಂದುಕೊಳ್ಳುವುದಕ್ಕೆ ಕಾರಣವಿತ್ತು. ಮೂಡಿಗೆರೆಯ ಆ ಡಿಗ್ರಿ ಕಾಲೇಜಿನ ಗೇಟಿನ ಪಕ್ಕದ ಗೋಡೆಯಲ್ಲಿ ಹೊಸದಾಗಿ ಸೆಲ್ಫಿ ಪಾಯಿಂಟ್ ಮಾಡಿದ್ದರು. ಕಾಫಿ ಗಿಡ, ಮಂಜು ಮುಸುಕಿದ ಗುಡ್ಡ, ನಡುವೆ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ. ಚಿತ್ರ ಬರೆದವನು ಶಶಿಧರ್. ಕೊನೆಯ ವರ್ಷದ ಬಿ.ಎ. ಹುಡುಗ, ಬಣಕಲ್ ಕಡೆಯ ಕಾಫಿ ತೋಟದ ಪ್ಲಾಂಟರ್ ಒಬ್ಬರ ಮಗ.

ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದ ಅರ್ಚನಾ ಆ ಹಕ್ಕಿಯನ್ನು ಇಟ್ಟುಕೊಂಡು ಒಂದು ರೀಲ್ ಮಾಡಿದ್ದಳು. ಮೊದಲು ಹಕ್ಕಿ ಕಾಣುತ್ತದೆ. ಆಮೇಲೆ ಕ್ಯಾಮೆರಾ ನಿಧಾನವಾಗಿ ಹಿಂದಿನ ಕಾರಿಡಾರಿಗೆ ಹೋಗಿ, ಹುಡುಗಿಯರ ಶೌಚಾಲಯಕ್ಕೆ ಜಡಿದ ಬೀಗದ ಮುಂದೆ ನಿಲ್ಲುತ್ತದೆ. ಜೊತೆಗೆ ಅವಳದೇ ದನಿ: "ನಮ್ಮ ಕಾಲೇಜಲ್ಲಿ ಗೋಡೆ ಮೇಲಿನ ಕೋಳಿಗೆ ಬಣ್ಣ ಇದೆ. ಹುಡುಗಿಯರಿಗೆ ಟಾಯ್ಲೆಟ್ ಇಲ್ಲ."

ಆ ಶೌಚಾಲಯಕ್ಕೆ ನೀರೆತ್ತುವ ಮೋಟರ್ ಸುಟ್ಟುಹೋದಾಗಿನಿಂದ ಬಾಗಿಲು ಮುಚ್ಚೇ ಇತ್ತು. ಹುಡುಗಿಯರು ಬಸ್‌ ಸ್ಟ್ಯಾಂಡಿಗೆ ಓಡುತ್ತಿದ್ದರು, ಇಲ್ಲವೇ ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಿದ್ದರು. ರೀಲ್ ಕಳಸದಿಂದ ಚಿಕ್ಕಮಗಳೂರಿನವರೆಗೆ ಫೋನಿಂದ ಫೋನಿಗೆ ಹಾರಿತು.

ಈಗ ಕೈಯಲ್ಲಿ ನೋಟಿಸ್. ಸಂಸ್ಥೆಯ ಘನತೆಗೆ ಧಕ್ಕೆ. ಶಿಸ್ತು ಸಮಿತಿಯ ಮುಂದೆ ಹಾಜರಾಗಬೇಕು. ರೀಲ್‌ಗೆ ಲೈಕ್ ಕೊಟ್ಟವರನ್ನೂ ಕಾಮೆಂಟ್ ಹಾಕಿದವರನ್ನೂ ವಿಚಾರಿಸಲಾಗುವುದು.

"ಕಂಪ್ಲೇಂಟ್ ಕೊಟ್ಟಾಯ್ತಾ?" ಎಂದು ಅವಳು ಕೇಳಿದಳು.

ಶಶಿಧರ್ ನಿಂತ. ಉದ್ದನೆಯ ಹುಡುಗ, ಉಗುರಿನ ಅಂಚಿನಲ್ಲಿ ಇನ್ನೂ ಹಸಿರು ಪೇಂಟು.

"ಒಂದು ಕಂಪ್ಲೇಂಟ್ ಉಂಟು. ಅದು ಕೋಳಿ ಅಲ್ಲ."

"ಮತ್ತೆ?"

"ಮಂಗಟ್ಟೆ. ಹಾರ್ನ್‌ಬಿಲ್. ನಮ್ಮ ತೋಟಕ್ಕೆ ಬರ್ತದೆ."

"ಕೊಕ್ಕು ನೋಡಿದ್ರೆ ಹಾಗೆ ಅನಿಸೋದಿಲ್ಲ."

"ಕೊಕ್ಕಿಗೆ ಬರುವಾಗ ಹಳದಿ ಪೇಂಟು ಖಾಲಿ ಆಗಿತ್ತು," ಎಂದ ಅವನು. ಅವಮಾನವಾದವನಂತೆ ಮುಖ ಮಾಡಲು ಹೋಗಿ, ಆಗದೆ, ತುಟಿಯ ಒಂದೇ ಬದಿಯಲ್ಲಿ ನಕ್ಕ. ಮೆಟ್ಟಿಲಿಳಿದು ಹೋಗುವಾಗ ಒಮ್ಮೆ ತಿರುಗಿಯೂ ನೋಡಿದ.

ಅರ್ಚನಾಳಿಗೆ ಮೈಯೆಲ್ಲ ಉರಿಯಿತು. ಅದರ ಜೊತೆಗೆ ಆ ಅರ್ಧ ನಗು ಮತ್ತೆ ಮತ್ತೆ ಕಣ್ಣಿಗೆ ಬಂದದ್ದು ಇನ್ನೂ ಸಿಟ್ಟು ತರಿಸಿತು.

ಮಧ್ಯಾಹ್ನದ ಹೊತ್ತಿಗೆ ಲೈಕುಗಳು ಉದುರತೊಡಗಿದವು. ಕಾಲೇಜಿನ ಹೆಸರುಗಳು ಒಂದೊಂದಾಗಿ ಮಾಯವಾದವು. ನಗುವ ಮುಖ, ಚಪ್ಪಾಳೆ, 'ಸೂಪರ್ ಅಕ್ಕ' ಎಲ್ಲ ಹೋದವು. ಪಕ್ಕದಲ್ಲೇ ಕೂರುವ ರಕ್ಷಾ ಕೂಡ ತಲೆ ತಗ್ಗಿಸಿ ಹೇಳಿದಳು: "ಬೇಜಾರಾಗ್ಬೇಡ ಕಣೆ. ಮನೇಲಿ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ."

ಅರ್ಚನಾ ಬೆರಳಿನಿಂದ ಕಾಮೆಂಟುಗಳನ್ನು ಸರಿಸುತ್ತ ಹೋದಳು. ಗುರುತಿಲ್ಲದ ಊರುಗಳ ಗುರುತಿಲ್ಲದ ಜನ. ತೀರಾ ಕೆಳಗೆ, ರೀಲ್ ಹಾಕಿದ ದಿನವೇ ಬಿದ್ದಿದ್ದ ಒಂದು ಸಾಲು ಸಿಕ್ಕಿತು. ಅದನ್ನು ಅವಳು ನೋಡಿಯೇ ಇರಲಿಲ್ಲ.

'ಆ ಚಿತ್ರ ಬರೆದವನು ನಾನು. ಇವರು ಹೇಳಿದ್ದು ನಿಜ. ಬೀಗ ತೆಗೆಯಿರಿ.'

ಹೆಸರು, ಫೋಟೋ, ಎಲ್ಲ ಅವನದೇ.

ಅವಳು ಎದ್ದು ಓಡಿದಳು. ಶಶಿಧರ್ ಬಸ್‌ ಸ್ಟ್ಯಾಂಡಿನ ಎದುರಿನ ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ಬನ್ಸ್ ತಿನ್ನುತ್ತಿದ್ದ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಉಸಿರು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಬೆಳಿಗ್ಗೆ ಪ್ರಿನ್ಸಿಪಾಲ್ ಹತ್ರ ಯಾಕೆ ಹೋಗಿದ್ರಿ?"

"ಕರೆದಿದ್ರು. ಕಾಮೆಂಟ್ ಡಿಲೀಟ್ ಮಾಡು ಅಂದ್ರು."

"ನೀವೇನಂದ್ರಿ?"

"ಫೋನಲ್ಲಿ ಚಾರ್ಜ್ ಇಲ್ಲ ಸಾರ್ ಅಂದೆ."

ಮೇಜಿನ ಮೇಲೆ ಅವನ ಫೋನು ತುಂಬಿದ ಬ್ಯಾಟರಿಯೊಂದಿಗೆ ಹೊಳೆಯುತ್ತಿತ್ತು. ಅರ್ಚನಾ ಅದನ್ನು ನೋಡಿದಳು, ಅವನನ್ನು ನೋಡಿದಳು. ನಗು ಬಂದುಬಿಟ್ಟಿತು.

"ಬೆಳಿಗ್ಗೆನೇ ಹೇಳಬಾರದಿತ್ತಾ?"

"ನೀವು ಸಿಟ್ಟಲ್ಲಿ ಎಷ್ಟು ಚೆನ್ನಾಗಿ ಜಗಳ ಆಡ್ತಿದ್ರಿ ಮಾರಾಯ್ತಿ. ನಿಲ್ಸೋಕೆ ಮನಸ್ಸಾಗ್ಲಿಲ್ಲ." ಹಾಗೆಂದು ಅವನು ಬನ್ಸಿನ ತಟ್ಟೆಯನ್ನು ಅವಳ ಕಡೆ ಸರಿಸಿದ.

ಸಮಿತಿಯ ಮುಂದೆ ಇಬ್ಬರೂ ಒಟ್ಟಿಗೆ ನಿಂತರು. ಪ್ರಿನ್ಸಿಪಾಲ್ ಜಯದೇವಪ್ಪ ಕೂಗಾಡುವ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಮೋಟರ್ ರಿಪೇರಿ ಮಾಡಿಸಿ ಅಂತ ಮೇಲಿನವರಿಗೆ ಬರೆದು ಬರೆದು ನಾನು ಸೋತಿದ್ದೇನಮ್ಮ. ಅದು ನಿನ್ನ ರೀಲಲ್ಲಿ ಇದೆಯಾ? ಜಿಲ್ಲೆಯಲ್ಲೆಲ್ಲ ನನ್ನನ್ನ ಆಡ್ಕೊಂಡು ನಗ್ತಾ ಇದಾರೆ."

"ನಿಮ್ಮ ಹೆಸರು ನಾನು ಹೇಳಲಿಲ್ಲ ಸಾರ್."

"ಕಾಲೇಜು ಅಂದ್ರೆ ನಾನೇ ಅಲ್ವಾ?" ಅವರು ಕನ್ನಡಕ ಹಾಕಿಕೊಂಡರು. "ರೀಲ್ ತೆಗೆದುಹಾಕು. ಆ ಗೋಡೆಯ ಮುಂದೆ ನಿಂತು ಕ್ಷಮೆ ಕೇಳಿ ವೀಡಿಯೋ ಹಾಕು. ಇಲ್ಲದಿದ್ರೆ ಹಾಲ್ ಟಿಕೆಟ್ ತಡೀತೇನೆ."

ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದಿದ್ದರೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಆಫೀಸಿನಲ್ಲಿ ಅವಳಿಗಾಗಿ ಮಾತಾಡಿಟ್ಟಿದ್ದ ಕೆಲಸವೂ ಇಲ್ಲ. ಇಬ್ಬರೂ ಹೊರಗೆ ಬಂದರು.

"ನೀವು ಕ್ಷಮೆ ಕೇಳಿದ್ರೆ ನಾನು ತಪ್ಪು ತಿಳ್ಕೊಳ್ಳೋದಿಲ್ಲ," ಎಂದ ಶಶಿಧರ್. ಈ ಸಲ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ನನ್ನ ಬೆನ್ನಿಗೆ ಅಪ್ಪನ ತೋಟ ಉಂಟು. ಧೈರ್ಯ ನಂಗೆ ಸುಲಭ. ನಿಮಗೆ ಹಾಗಲ್ಲ, ಅದು ನಂಗೆ ಗೊತ್ತು."

ಆ ಮಾತು ಅವಳ ಮನಸ್ಸಿನೊಳಗೆ ಎಲ್ಲೋ ಮೆತ್ತಗೆ ಇಳಿಯಿತು.

ಸಂಜೆ ಎಸ್ಟೇಟ್ ಕೆಲಸಗಾರರ ಲೈನ್ ಮನೆಯಲ್ಲಿ ಅವಳು ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ರಾಮಮ್ಮ ತೋಟದ ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ರೀಲನ್ನು ಮೊದಲ ಸಲ ನೋಡಿದರು. ಇನ್ನೊಮ್ಮೆ ಹಾಕು ಎಂದರು.

"ಬಯ್ಯಲ್ವಾ ಅಮ್ಮ?"

"ನಂಗೆ ಭಯ ಆಗ್ತದೆ," ಎಂದರು ರಾಮಮ್ಮ. "ಆದ್ರೆ ನಾವು ಗಿಡದ ಮರೆಗೆ ಹೋಗಿ ಹೋಗಿ ಅಭ್ಯಾಸ ಮಾಡ್ಕೊಂಡ್ವಿ. ಅದನ್ನ ನೀನೂ ಕಲೀಲಿ ಅಂತ ನಿನ್ನನ್ನ ಕಾಲೇಜಿಗೆ ಕಳಿಸ್ಲಿಲ್ಲ."

ಮರುದಿನ ಅರ್ಚನಾ ಸೆಲ್ಫಿ ಪಾಯಿಂಟಿನ ಮುಂದೆ ನಿಂತಳು. ಫೋನ್ ಹಿಡಿದವನು ಶಶಿಧರ್. ಸುತ್ತ ಹುಡುಗಿಯರು ದೂರ ದೂರ ನಿಂತು ನೋಡುತ್ತಿದ್ದರು.

"ರೆಡಿನಾ?" ಎಂದ ಅವನು. ಫೋನಿನ ಅಂಚಿನ ಮೇಲಿಂದ ಅವನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಕ್ಯಾಮೆರಾವನ್ನು ನೋಡಬೇಕು ಎಂದು ಅವಳು ತನಗೆ ತಾನೇ ಎರಡೆರಡು ಸಲ ಹೇಳಿಕೊಳ್ಳಬೇಕಾಯಿತು.

"ನಾನು ಅರ್ಚನಾ. ಹಿಂದಿನ ರೀಲಿನಲ್ಲಿ ಒಂದು ತಪ್ಪು ಮಾಡಿದ್ದೆ, ಅದಕ್ಕೆ ಕ್ಷಮೆ ಕೇಳ್ತೇನೆ. ಇದು ಕೋಳಿ ಅಲ್ಲ, ಮಂಗಟ್ಟೆ. ಬರೆದವರಿಗೆ ನೋವಾಗಿದೆ. ಮೋಟರ್‌ಗಾಗಿ ನಮ್ಮ ಪ್ರಿನ್ಸಿಪಾಲ್ ತುಂಬಾ ಸಲ ಬರೆದಿದಾರೆ, ಅದು ನಂಗೆ ಗೊತ್ತಿರಲಿಲ್ಲ, ಅದಕ್ಕೂ ಕ್ಷಮೆ. ಅವರ ಪತ್ರ ಓದದವರಿಗೆ ಈ ವೀಡಿಯೋ ಕಳಿಸಿ. ಬೀಗದ ವಿಷಯ ಮಾತ್ರ ನಿಜ. ಅದನ್ನ ಡಿಲೀಟ್ ಮಾಡೋದಿಲ್ಲ."

ಫೋನ್ ಹಿಡಿದ ಕೈ ನಗುವಿನಿಂದ ಅಲುಗಿತು. ವೀಡಿಯೋದಲ್ಲಿ ಹಕ್ಕಿಯೂ ಅಲುಗಿತು.

ಮೊದಲು ಬಂದವಳು ರಕ್ಷಾ. ಬೀಗ ಹಾಕಿದ ಬಾಗಿಲಿನ ಮುಂದೆ ಹೋಗಿ ನೆಲದ ಮೇಲೆ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತಿಬ್ಬರು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಇಂಗ್ಲಿಷ್ ಪಾಠ ಮಾಡುವ ಸೌಂದರ್ಯ ಮೇಡಂ ಬಂದು ಬೈಯುತ್ತಾರೆ ಎಂದುಕೊಂಡರೆ, ಸೀರೆ ಸರಿಮಾಡಿಕೊಂಡು ಅವರೂ ಅಲ್ಲೇ ಕೂತರು. ಕಾರಿಡಾರ್ ತುಂಬಿಹೋಯಿತು.

ಕೊನೆಗೆ ಜಯದೇವಪ್ಪನವರೇ ಬಂದು ಸ್ಟಾಫ್ ಶೌಚಾಲಯದ ಕೀಲಿಯನ್ನು ರಕ್ಷಾಳ ಕೈಗಿಟ್ಟರು. ಮೋಟರ್ ಬರುವವರೆಗೆ ಅದನ್ನು ಬಳಸಿ ಎಂದರು. ಆಮೇಲೆ ಅರ್ಚನಾ, ಶಶಿಧರ್ ಇಬ್ಬರನ್ನೂ ಒಳಗೆ ಕರೆದರು.

"ಹಾಲ್ ಟಿಕೆಟ್ ತಡೆಯೋದಿಲ್ಲ. ಆದ್ರೆ ಹೇಳಿದ ಮಾತು ಕೇಳಲಿಲ್ಲ. ಒಂದು ವಾರ ಇಬ್ಬರೂ ಸಸ್ಪೆಂಡ್." ಬಾಗಿಲವರೆಗೆ ಹೋದವರನ್ನು ನಿಲ್ಲಿಸಿ ಮೆಲ್ಲಗೆ ಸೇರಿಸಿದರು: "ಮನೇಲಿ ಕೂತು ಓದಿ. ಫೋನ್ ನೋಡ್ಬೇಡಿ."

ವಾರ ಮುಗಿಯುವ ಮೊದಲೇ ರಕ್ಷಾ ಒಂದು ಫೋಟೋ ಕಳಿಸಿದಳು. ನಲ್ಲಿಯಿಂದ ನೀರು ಧುಮುಕುತ್ತಿತ್ತು. ಅದನ್ನು ಶಶಿಧರ್‌ಗೆ ಕಳಿಸಿದರೆ ಸಾಕಿತ್ತು. ಅರ್ಚನಾ ಹಾಗೆ ಮಾಡಲಿಲ್ಲ. ತಿಳಿನೀಲಿ ಚೂಡಿದಾರ ಹಾಕಿಕೊಂಡು, ಅಮ್ಮನಿಗೆ ಹೇಳಿ, ಬಣಕಲ್ ಬಸ್ ಹತ್ತಿದಳು.

ಹಿಂದಿನ ದಿನದ ಮಳೆಗೆ ಶಶಿಧರ್ ಮನೆಯ ತೋಟದ ಕಾಫಿಯೆಲ್ಲ ಹೂ ಬಿಡುವ ತಯಾರಿಯಲ್ಲಿತ್ತು. ಕಾಳುಮೆಣಸಿನ ಕೊಯ್ಲು ನಡೆದಿತ್ತು. ಕೆಳಗೆ ಗೊಂಚಲು ಆರಿಸುತ್ತಿದ್ದ ತೋಟದ ಆಳು ಸಿದ್ದಮ್ಮ ತಲೆಯೆತ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮರದ ಕಡೆ ಮುಖ ಮಾಡಿ, "ಶಶಿಯಪ್ಪ, ಇಳೀರಿ. ನಿಮ್ಮನ್ನ ಹುಡ್ಕೊಂಡು ಬಂದವ್ರೆ," ಎಂದರು.

ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ಎಲೆಗಳು ಸರಿದವು. ಅವನ ಮುಖ ಕಾಣಿಸಿತು. ಅವಳನ್ನು ಕಂಡವನು ಮೆಣಸಿನ ಚೀಲವನ್ನು ಕೈಬಿಟ್ಟ.

"ಅಪ್ಪನ ಪನಿಶ್‌ಮೆಂಟು," ಎಂದ ಇಳಿದು ಬಂದು. "ಸಸ್ಪೆಂಡ್ ಆದವನು ಮರ ಹತ್ತಲಿ ಅಂದ್ರು."

"ಮೋಟರ್ ಬಂತು. ನೀರು ಬರ್ತಾ ಇದೆ."

"ಅದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?"

"ಹೂಂ." ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಕೆನ್ನೆ ಬಿಸಿಯಾಯಿತು. "ಅಲ್ಲ."

ಸಿದ್ದಮ್ಮ ಬುಟ್ಟಿ ಎತ್ತಿಕೊಂಡು ಕೆಳಗಿನ ಸಾಲಿಗೆ ಹೋದರು.

"ಅಪ್ಪನಿಗೆ ಹೇಳಿದೆ," ಎಂದ ಶಶಿಧರ್.

"ಏನಂತ?"

"ನಂಗೆ ಅರ್ಚನಾ ಅಂತ ಒಬ್ಬಳು ಇಷ್ಟ ಆಗಿದಾಳೆ ಅಂತ. ಅವಳ ಅಮ್ಮ ಎಸ್ಟೇಟಲ್ಲಿ ಕೆಲಸ ಮಾಡ್ತಾರೆ ಅಂತಾನೂ ಹೇಳಿದೆ."

"ನಂಗೆ ಹೇಳೋ ಮೊದಲೇ ಅಪ್ಪನಿಗೆ ಹೇಳಿದ್ರಾ?"

"ನಿಮ್ಮಷ್ಟು ಅಪ್ಪನ ಹೆದರಿಕೆ ನಂಗಿಲ್ಲ."

"ಅವರೇನಂದ್ರು?"

"ಊಟ ಬಿಟ್ಟು ಎದ್ದು ಹೋದ್ರು. ಬೆಳಿಗ್ಗೆ ಬಂದು, ಮೊದ್ಲು ಇಬ್ರೂ ಪಾಸಾಗಿ, ಆಮೇಲೆ ಮಾತಾಡುವ ಅಂದ್ರು. ಖುಷಿಯಿಂದ ಹೇಳ್ಲಿಲ್ಲ. ಆದ್ರೆ ಬೇಡ ಅನ್ನಲಿಲ್ಲ." ಅವನು ಅವಳ ಕಣ್ಣನ್ನೇ ನೋಡಿದ. "ನೀವೇನಂತೀರಿ?"

ಅರ್ಚನಾ ಒಂದು ಹೆಜ್ಜೆ ಮುಂದೆ ಬಂದಳು.

"ಮೊದ್ಲು ಈ 'ನೀವು' ಬಿಡು ಮಾರಾಯ."

ಅವನ ಮುಖದಲ್ಲಿ ನಗು ಈ ಸಲ ಎರಡೂ ಬದಿಗೆ ಹರಡಿತು. ಕೈ ಚಾಚಲು ಹೋದವನು ಅಂಗೈ ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡ. "ಮೆಣಸಿನ ಅಂಟು. ಕೈಯೆಲ್ಲ ಖಾರ ಆಗ್ತದೆ ನಿಂಗೆ."

"ಆಗಲಿ," ಎಂದು ಅವಳೇ ಆ ಕೈ ಹಿಡಿದುಕೊಂಡಳು.

ಮೂಡಿಗೆರೆಗೆ ವಾಪಸ್ ಹೋಗುವ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿ, ನಿಂತು, ಹೊರಟುಹೋಯಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಅಲ್ಲಾಡಲಿಲ್ಲ.