ಹದಿನಾಲ್ಕರ ಅಂತರ

೧೯೯೭ರ ಆಷಾಢದ ಆ ಬೆಳಗ್ಗೆ ಹಲಸೂರಿನಲ್ಲಿ ಬರೀ ಗಾಳಿ, ಮಳೆ ಮಾತ್ರ ಬರಲೊಲ್ಲದು. ಶರ್ವಾಣಿ ಸೋಮೇಶ್ವರನಿಗೆ ದಾರಿಯಲ್ಲೇ ಕೈಮುಗಿದು ಗ್ರಂಥಾಲಯಕ್ಕೆ ಓಡಿ ಬಂದಾಗ, ಬೈಂಡಿಂಗ್ ಕೋಣೆಯಲ್ಲಿ ಅವಳ ಅಣ್ಣ ಕಿಟ್ಟು ಒಬ್ಬನ ತಲೆಯನ್ನು ಮೇಜಿಗೆ ಒತ್ತಿ ಹಿಡಿದಿದ್ದ.

ಅವನೇ ನಚಿಕೇತ, ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನು. ವರ್ಷದಿಂದ ಅವಳಿಗೆ ಅವನ ಅಕ್ಷರ ಗೊತ್ತು, ಮುಖ ಗೊತ್ತಿರಲಿಲ್ಲ. ಇವತ್ತು ಕಂಡ ಮುಖದಲ್ಲಿ ಬಾಯಿತುಂಬ ರಕ್ತ...

"ಎಂಟಕ್ಕೆ, ನಾಲ್ಕಕ್ಕೆ, ಎರಡಕ್ಕೆ... ದಿನಾ ಎಲ್ಲಿ ಸೇರ್ತಿದ್ರೋ? ಬೊಗಳು."

ಕಿಟ್ಟುವಿನ ಕಬ್ಬಿಣದ ಪಟ್ಟಿ ನಚಿಕೇತನ ಬಲಗೈ ಮೇಲೆ ಇಳಿಯಿತು. ಮೂಳೆ ಮುರಿದ ಸದ್ದು ಶರ್ವಾಣಿಯ ಎದೆಯೊಳಗೇ ಕೇಳಿಸಿತು.

ಅವನ ಕೆನ್ನೆಯ ಪಕ್ಕದಲ್ಲಿ, ಅವಳ ಚೀಲದಿಂದ ಕಿಟ್ಟು ಕಿತ್ತು ತಂದ ಹಾಳೆ. ಮೇಲೆ ನಚಿಕೇತನ ಹೆಸರು. ಕೆಳಗೆ ೮, ೪, ೨, ೪, ೨, ೪, ೬, ೮.

ಒಂದು ಅವಿಭಾಜ್ಯ ಸಂಖ್ಯೆಯಿಂದ ಮುಂದಿನ ಅವಿಭಾಜ್ಯಕ್ಕೆ ಎಷ್ಟು ದೂರ ಎಂದು ಸಾಲಾಗಿ ಬರೆಯುವುದು ಅವರಿಬ್ಬರ ಹುಚ್ಚು. ಎಂಬತ್ತೊಂಬತ್ತರಿಂದ ತೊಂಬತ್ತೇಳಕ್ಕೆ ಎಂಟು, ಅಲ್ಲಿಂದ ನೂರಾ ಒಂದಕ್ಕೆ ನಾಲ್ಕು... ಅವಳು ಬರೆದು ಹಳೆಯ ಅಂಕಗಣಿತದ ಪುಸ್ತಕದೊಳಗೆ ಇಡುವಳು, ಅವನು ತಿದ್ದಿ ಅಲ್ಲೇ ಇಡುವನು. ಭಗವಂತ ಅವರಿಗೆ ಕೊಟ್ಟಿದ್ದ ಭೇಟಿ ಅಷ್ಟೇ.

"ಅಣ್ಣಾ, ಅದು ಗಂಟೆ ಅಲ್ಲ, ಲೆಕ್ಕ ಕಣೋ..."

"ಲೆಕ್ಕಾನಾ? ಹನ್ನೆರಡು ದಾಟಿದ್ದು ಒಂದಾದ್ರೂ ಇದ್ಯಾ ಇದ್ರಲ್ಲಿ?"

ಅಡ್ಡ ಬಂದವಳನ್ನು ಅವನು ಗೋಡೆಗೆ ತಳ್ಳಿದ. ಅವಳ ಹುಬ್ಬು ಒಡೆಯಿತು.

ನಚಿಕೇತ ಊದದೆ ಉಳಿದ ಒಂದೇ ಕಣ್ಣಲ್ಲಿ ಹಾಳೆ ಓದುತ್ತಿದ್ದ.

"ಶರ್ವಾಣಿಯವ್ರೇ... ನೂರಾ ಹತ್ತೊಂಬತ್ತನ್ನ ಸೇರಿಸ್ಬಿಟ್ಟಿದ್ದೀರ. ಹದಿನೇಳ್ ಏಳ್ಲ ಅಲ್ವಾ ಅದು? ನೂರಾ ಹದಿಮೂರಾದ್ಮೇಲೆ ನೂರಾ ಇಪ್ಪತ್ತೇಳೇ. ಆರು, ಎಂಟು ಬೇರೆ ಬೇರೆ ಅಲ್ಲ... ಹದಿನಾಲ್ಕು."

ಮತ್ತೆ ಎತ್ತಿದ ಪಟ್ಟಿ ಗಾಳಿಯಲ್ಲೇ ನಿಂತಿತು.

"ಹದಿನಾಲ್ಕು ಯಾವ ಗಡಿಯಾರದಲ್ಲಿದೆ ಅಣ್ಣಾ?" ಎಂದಳು ಶರ್ವಾಣಿ, ಕಣ್ಣಿಗಿಳಿದ ರಕ್ತ ಒರೆಸುತ್ತ.

ಕಿಟ್ಟು ಪಟ್ಟಿ ಕೆಳಗಿಟ್ಟ. ಹಾಳೆಯನ್ನು ಜೇಬಿಗೆ ತುರುಕಿ, ಯಾರ ಮುಖವನ್ನೂ ನೋಡದೆ ನಡೆದುಬಿಟ್ಟ.

ಮೂರು ವಾರದ ಮೇಲೆ ಅವಳು ಧೈರ್ಯ ಮಾಡಿ ಜೋಗುಪಾಳ್ಯದ ಅವನ ಕೋಣೆಗೆ ಹೋದಳು. ಅವನ ಕೈಗೆ ಇನ್ನೂ ಪ್ಲಾಸ್ಟರ್ ಇತ್ತು.

'ಹೊರಟುಹೋಗಿ ಅಂದುಬಿಟ್ಟರೆ?'

"ನನ್ ತಪ್ಪಿಂದ ನಿಮ್ಗೆ ಹೀಗಾಯ್ತು. ಬಯ್ದುಬಿಡಿ."

"ನೂರಾ ಹದಿಮೂರಕ್ಕೂ ನೂರಾ ಇಪ್ಪತ್ತೇಳಕ್ಕೂ ಹದಿನಾಲ್ಕು ದೂರ, ನಡುವೆ ಅವ್ರ ಜಾತಿಯವ್ರು ಒಬ್ರೂ ಇಲ್ಲ ನೋಡಿ. ಅಷ್ಟು ದೂರ ಇದ್ರೂ ಅವ್ರಿಬ್ರು ಅಕ್ಕಪಕ್ಕದೋರೇ."

"ನಾವು?"

"ನಾವೂ ಅಷ್ಟೇ... ನೀವು ಒಪ್ಪಿದ್ರೆ."

ಅವಳು ಅವನ ಎಡಗೈ ಹಿಡಿದುಕೊಂಡಳು. "ನೀನು ಅಂತ ಕರೆದ್ರೆ ಒಪ್ತೀನಿ."

ಬಾಗಿಲಲ್ಲಿ ನೆರಳು ಬಿತ್ತು. ಕಿಟ್ಟು. ನಚಿಕೇತನ ಭುಜ ತಾನಾಗಿ ಮುದುಡಿತು.

ಕಿಟ್ಟು ಒಳಗೆ ಬರಲಿಲ್ಲ. ಹೊಸ್ತಿಲಾಚೆ ಕುಳಿತು, ಜೇಬಿನಿಂದ ಆ ಹಾಳೆ ತೆಗೆದು, ತೊಡೆಯ ಮೇಲೆ ಸುಕ್ಕು ತೀಡಿ, ತಂಗಿಯತ್ತ ಚಾಚಿದ. ರಕ್ತದ ಕಲೆ ಕಂದು ಬಣ್ಣಕ್ಕೆ ತಿರುಗಿತ್ತು. ಕೊನೆಯ ಆರು, ಎಂಟನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವನದೇ ಒರಟು ಅಕ್ಷರದಲ್ಲಿ ಬರೆದಿತ್ತು: ೧೪.