ಅಜ್ಜಿಗೆ ಎರಡೇ ನಿಮಿಷ

ಮೊಟ್ಟೆ ಬೇಯಿಸುವಾಗ ಇಡುವ ಟೈಮರ್ ಟ್ರಿಣ್ ಎಂದಿತು. ಎರಡು ನಿಮಿಷ ಮುಗಿದಿತ್ತು. ಅಜ್ಜಿ ಇನ್ನೂ ವಂದನೆಯಲ್ಲೇ ಇದ್ದಳು.

"ಅಜ್ಜೀ, ನಿಲ್ಸು. ಟೈಮ್ ಆಯ್ತು," ಎಂದಳು ಕಾವ್ನೂ.

"ಇರೇ, ನಿಮ್ಮ ತಾತನ ಅಣ್ಣಂಗೆ ಇನ್ನೂ ವಂದನೆ ಹೇಳಿಲ್ಲ."

"ಸೆನೆಟರ್‌ಗಳ ಮುಂದೆ ತಾತನ ಅಣ್ಣ ಯಾಕಜ್ಜಿ?"

"ದೊಡ್ಡವರ ಮುಂದೆ ಮಾತಾಡೋವಾಗ ಹಿರಿಯರ ಹೆಸರೆತ್ತದೆ ಇರೋಕಾಗುತ್ತಾ? ನಾವೇನು ಮರದಿಂದ ಉದುರಿದವರಾ?"

ಪಾತ್ರೆ ತೊಳೆಯುತ್ತಿದ್ದ ಅಪ್ಪ ನಕ್ಕ. ದೂರದ ಬೆಟ್ಟನಾಡಿನಿಂದ ಬಂದು ಇಲ್ಲಿ ನೆಲೆಸಿದ ತಮ್ಮ ಹ್ಮಾಂಗ್ ಜನರ ಹಬ್ಬದೂಟಗಳಲ್ಲಿ ಅಜ್ಜಿ ಮಾತಿಗೆ ನಿಂತರೆ ಅನ್ನ ಆರಿ ತಣ್ಣಗಾಗುತ್ತಿತ್ತು. ಬಂದವರಿಗೆ, ಬಾರದವರಿಗೆ, ಸತ್ತವರಿಗೆ, ಎಲ್ಲರಿಗೂ ವಂದನೆ ಮುಗಿದ ಮೇಲೇ ವಿಷಯ. ಅದೇ ಮರ್ಯಾದೆ.

ಆದರೆ ನಾಳೆ ರಾಜಧಾನಿ ಸೇಂಟ್ ಪಾಲ್‌ನ ಶಾಸನಸಭೆಯ ಗುಮ್ಮಟದ ಕಟ್ಟಡದಲ್ಲಿ, ಕಾನೂನು ಮಾಡುವ ಸೆನೆಟರ್‌ಗಳ ಮುಂದೆ, ಒಬ್ಬೊಬ್ಬರಿಗೆ ಎರಡೇ ನಿಮಿಷ. ಅಜ್ಜಿ ಹ್ಮಾಂಗ್ ಭಾಷೆಯಲ್ಲಿ ಹೇಳಬೇಕು, ಕಾವ್ನೂ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಅಂದರೆ ಅಜ್ಜಿಗೆ ಸಿಗುವುದು ಒಂದೇ ನಿಮಿಷ. "ಗುರುತಿಲ್ಲದವರ ಬಾಯಿ ನಂಗೆ ಬೇಡ. ನನ್ನ ಮೊಮ್ಮಗಳೇ ಸಾಕು," ಎಂದು ಅಜ್ಜಿ ಹಟ ಹಿಡಿದಿದ್ದಳು.

ವಿಷಯ ಇಷ್ಟೇ. ಹೋದ ಸೆಪ್ಟೆಂಬರಿನಲ್ಲಿ ಮಾರ್ಕೆಟ್ಟಿನ ಅಷ್ಟೂ ತರಕಾರಿ ಅಂಗಡಿಗಳ ನಡುವೆ ಅಜ್ಜಿಯ ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಕಪ್ಪು ಬಣ್ಣದಲ್ಲಿ ಯಾರೋ ಒಬ್ಬ ಬರೆದಿದ್ದ: ನಿಮ್ಮ ದೇಶಕ್ಕೆ ತೊಲಗಿ. ಅವನು ಸಿಕ್ಕಿಬಿದ್ದ. 'ಬೋರ್ಡ್ ಹಾಳು, ನಷ್ಟ ಎರಡು ಡಬ್ಬ ಬಣ್ಣ' ಎಂದು ಪೊಲೀಸರು ಬರೆದುಕೊಂಡರು. ಈ ಅಜ್ಜಿಯ ಬೋರ್ಡೇ ಯಾಕೆ ಎಂದು ಯಾರೂ ಬರೆದುಕೊಳ್ಳಲಿಲ್ಲ. ಹಾಗೆ ಜನಾಂಗ ನೋಡಿ ದ್ವೇಷದಿಂದ ಮಾಡಿದ್ದನ್ನು ದ್ವೇಷವೆಂದೇ ಬರೆದುಕೊಳ್ಳಬೇಕು, ಶಿಕ್ಷೆಯೂ ಹೆಚ್ಚಬೇಕು ಎಂದು ಕಾನೂನನ್ನು ಗಟ್ಟಿ ಮಾಡಲು ಈಗ ಕೆಲವು ಸೆನೆಟರ್‌ಗಳು ಹೊರಟಿದ್ದರು. ಅದಕ್ಕೇ ನಾಳೆ ಜನರ ಮಾತು ಕೇಳುವವರಿದ್ದರು.

"ನೋಡು," ಎಂದ ಅಪ್ಪ, "ಅಜ್ಜಿ ಹೇಳಿದ್ದಷ್ಟೇ ಹೇಳ್ಬೇಕು. ಒಂದು ಮಾತೂ ಬಿಡಬಾರ್ದು, ಒಂದು ಮಾತೂ ಸೇರಿಸಬಾರ್ದು. ಪ್ರಾಮಿಸ್?"

"ಪ್ರಾಮಿಸ್."

ಅಂತೂ ಅಜ್ಜಿಯ ಮಾತು ಒಂದು ನಿಮಿಷಕ್ಕೆ ಇಳಿಯಿತು. ತಾತನ ಅಣ್ಣನನ್ನು ಕೈಬಿಟ್ಟದ್ದಕ್ಕೆ ಊಟದ ಹೊತ್ತಿನಲ್ಲೂ ಅವಳ ಮುಖ ಊದಿಕೊಂಡಿತ್ತು.

ಮರುದಿನ ಅಜ್ಜಿ ನಾಣ್ಯಗಳನ್ನು ಹೊಲಿದಿದ್ದ ಹಬ್ಬದ ಜಾಕೆಟ್ ಹಾಕಿಕೊಂಡು ಗಿಲಿಗಿಲಿ ಎನ್ನುತ್ತಾ ಹೊರಟಳು. ಆ ಸಭಾಂಗಣದಲ್ಲಿ ಚಪ್ಪಾಳೆ ತಟ್ಟುವಂತಿರಲಿಲ್ಲ. ಮಾತು ಇಷ್ಟವಾದರೆ ಎರಡೂ ಕೈ ಎತ್ತಿ ಬೆರಳು ಆಡಿಸಬೇಕು. ಅಜ್ಜಿಗೆ ಇದು ಬಹಳ ಹಿಡಿಸಿ, ತನಗಿಂತ ಮೊದಲು ಮಾತಾಡಿದ ಎಲ್ಲರಿಗೂ ಆಡಿಸಿದಳು.

ಅವಳ ಸರದಿ ಬಂತು. ಮೈಕಿನ ಪಕ್ಕ ಹೊತ್ತು ತೋರಿಸುವ ಹಸಿರು ದೀಪ ಹತ್ತಿತು. ಅಜ್ಜಿ ಎದುರಿಗಿದ್ದ ಒಂಬತ್ತು ಸೆನೆಟರ್‌ಗಳನ್ನು ನೋಡಿದಳು. ಕಲಿತದ್ದೆಲ್ಲ ಮರೆತೇಹೋಯಿತು. ಸೆನೆಟರ್‌ಗಳಿಗೆ ವಂದನೆ, ಬಾಗಿಲು ತೆರೆದವನಿಗೆ ವಂದನೆ, ಸೆನೆಟರ್‌ಗಳನ್ನು ಹೆತ್ತ ತಾಯಂದಿರಿಗೆ ವಂದನೆ. ಕಾವ್ನೂ ಒಂದನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಜನ ನಕ್ಕರು. ಹಳದಿ ದೀಪ ಹತ್ತಿತು. ಅಜ್ಜಿ ತಾತನ ಅಣ್ಣನ ಹೆಸರೆತ್ತುವ ಹೊತ್ತಿಗೆ ಕೆಂಪು.

ಬೋರ್ಡಿನ ಮಾತೇ ಬಂದಿರಲಿಲ್ಲ. ಕಾವ್ನೂಗೆ ಅಳುವೇ ಬಂತು.

"ನಂದೊಂದು ಪ್ರಶ್ನೆ ಇದೆ," ಎಂದರು ಮೂಲೆಯಲ್ಲಿದ್ದ ಸೆನೆಟರ್ ನೈಗಾರ್ಡ್. ಬೆಳಗಿನಿಂದ ಒಮ್ಮೆಯೂ ನಗದವರು ಅವರು.

"ಪ್ರಶ್ನೆಗೆ ಉತ್ರ ಕೊಡೋಕೆ ಟೈಮ್ ಲೆಕ್ಕ ಇಲ್ಲ," ಎಂದು ಹಿಂದಿನಿಂದ ಅಪ್ಪ ಪಿಸುಗುಟ್ಟಿದ.

"ಅಮ್ಮಾ," ಎಂದರು ನೈಗಾರ್ಡ್, "ಪೊಲೀಸ್ ರಿಪೋರ್ಟ್ ಓದಿದೀನಿ. ಎರಡು ಡಬ್ಬ ಬಣ್ಣದಲ್ಲಿ ಬೋರ್ಡ್ ಸರಿಹೋಯ್ತಲ್ಲ. ಇನ್ನೂ ಗಟ್ಟಿ ಕಾನೂನು ಯಾಕೆ ಬೇಕು?"

ಕಾವ್ನೂ ಅದನ್ನು ಹ್ಮಾಂಗ್ ಭಾಷೆಯಲ್ಲಿ ಹೇಳಿದಳು. ಈ ಸಲ ಅಜ್ಜಿ ಯಾರಿಗೂ ವಂದನೆ ಹೇಳಲಿಲ್ಲ. "ಬೋರ್ಡ್ ಸರಿಹೋಯ್ತು. ನನ್ನ ಮೊಮ್ಮಗಳು ಸರಿಹೋಗ್ಲಿಲ್ಲ," ಎಂದಳು.

ಕಾವ್ನೂ ತಿರುಗಿ ಅಜ್ಜಿಯ ಮುಖ ನೋಡಿದಳು. ಬೇರೆ ಏನಾದರೂ ಹೇಳಿಬಿಡಬಹುದಿತ್ತು, ಅಜ್ಜಿಗೆ ತಿಳಿಯುತ್ತಿರಲಿಲ್ಲ. ಆದರೆ ಪ್ರಾಮಿಸ್ ಮಾಡಿದ್ದಳು. ಮೈಕಿನ ಹತ್ತಿರ ಬಾಗಿ, ಹಾಗೇ ಹೇಳಿದಳು.

"ಮೊದ್ಲು ಪ್ರತಿ ಶನಿವಾರ ನನ್ನ ಜೊತೆ ಬಂದು, ಮಾರ್ಕೆಟ್ಟೆಲ್ಲ ಕೇಳೋ ಹಾಗೆ ಸೌತೇಕಾಯೀ ಅಂತ ಕೂಗೋಳು. ಆ ಬರಹ ನೋಡಿದ್ಮೇಲೆ ಹೋಮ್‌ವರ್ಕ್ ಅಂದ್ಲು, ಹೊಟ್ಟೆನೋವು ಅಂದ್ಲು. ನಾನು ಹೂಂ ಅಂದೆ. ಅದು ಹೊಟ್ಟೆನೋವಲ್ಲ ಅಂತ ನಂಗೆ ಗೊತ್ತಿತ್ತು."

ಅಜ್ಜಿ ತನ್ನ ಸುಳ್ಳನ್ನು ನಂಬಿದ್ದಾಳೆ ಎಂದೇ ಇಷ್ಟು ದಿನ ಕಾವ್ನೂ ಅಂದುಕೊಂಡಿದ್ದಳು. ಆದರೂ ಹೊಟ್ಟೆನೋವಿನ ಮಾತನ್ನೂ ಬಿಡದೆ ಹೇಳಿದಳು.

"ಎರಡು ಡಬ್ಬ ಅಂತ ಬರ್ಕೊಂಡ್ರಲ್ಲ, ಇದನ್ನೂ ಬರ್ಕೊಳ್ಳಿ. ಅಷ್ಟೇ," ಎಂದಳು ಅಜ್ಜಿ. ಅದನ್ನೂ ಕಾವ್ನೂ ಹೇಳಿದಳು.

ನೈಗಾರ್ಡ್ ಕನ್ನಡಕ ತೆಗೆದರು. "ಆ ಮೊಮ್ಮಗಳು ನೀನೇನಾ?"

"ಹೂಂ, ಸಾರ್." ಆ ಒಂದು ಮಾತು ಮಾತ್ರ ಅವಳ ಸ್ವಂತದ್ದು.

ಅವರು ಪೆನ್ ತೆಗೆದುಕೊಂಡು ಏನನ್ನೋ ಬರೆದುಕೊಂಡರು.

ಹಿಂದೆ ತಿರುಗಿದರೆ ಸಭಾಂಗಣದ ತುಂಬ ಎತ್ತಿದ ಕೈಗಳು. ಸದ್ದೇ ಇಲ್ಲದೆ ನೂರಾರು ಬೆರಳು ಆಡುತ್ತಿದ್ದವು. ಅಲ್ಲಿ ಕೇಳುತ್ತಿದ್ದದ್ದು ಜಾಕೆಟ್ಟಿನ ನಾಣ್ಯಗಳ ಗಿಲಿಗಿಲಿ ಒಂದೇ.

"ಅಜ್ಜೀ, ನಿನ್ನ ಮಾತಿಗೆ ನೀನೇ ಕೈ ಆಡಿಸ್ಕೋಬಾರ್ದು."

"ನಂಗಲ್ಲ ಕಣೇ. ನಿಂಗೆ."

ಸಂಜೆ ಸೆನೆಟರ್‌ಗಳು ಓಟು ಹಾಕಿದರು. ಐದು ಕೈ ಪರವಾಗಿ, ನಾಲ್ಕು ವಿರುದ್ಧ. ಐದನೆಯ ಕೈ ನೈಗಾರ್ಡ್ ಅವರದು. "ಇನ್ನೂ ಎಷ್ಟೋ ಕಡೆ ಓಟಾಗ್ಬೇಕು," ಎಂದು ಅಪ್ಪ ಹೇಳಿದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಲೇ ಇದ್ದ.

ಚಳಿಗಾಲವೆಲ್ಲ ಮುಚ್ಚಿದ್ದ ಮಾರ್ಕೆಟ್ಟು ಆ ಶನಿವಾರ ಮತ್ತೆ ತೆರೆಯುವುದಿತ್ತು. ಬೆಳಿಗ್ಗೆ ಅಜ್ಜಿ ವ್ಯಾನಿನ ಬಾಗಿಲು ತೆರೆದಾಗ, ಈರುಳ್ಳಿ ಸೊಪ್ಪಿನ ಬುಟ್ಟಿಗಳ ನಡುವೆ ಕಾವ್ನೂ ಕೂತಿದ್ದಳು.

"ಹೋಮ್‌ವರ್ಕ್ ಇಲ್ವೇನೇ?"

"ಇದೆ. ಸಂಜೆ ಮಾಡ್ತೀನಿ."

ಬೋರ್ಡಿಗೆ ಎರಡು ಸಲ ಬಣ್ಣ ಬಳಿದಿದ್ದರೂ ಬಿಸಿಲಿಗೆ ಓರೆಯಾಗಿ ನೋಡಿದರೆ ಕಪ್ಪು ಅಕ್ಷರಗಳು ಇನ್ನೂ ತೆಳುವಾಗಿ ಕಾಣುತ್ತಿದ್ದವು. ಕಾವ್ನೂ ಅದರ ಮುಂದೆಯೇ ನಿಂತಳು.

"ಈರುಳ್ಳಿ ಸೊಪ್ಪೂ, ಮೂಲಂಗೀ," ಎಂದಳು. ಪಕ್ಕದ ಅಂಗಡಿಯವನಿಗೂ ಕೇಳಿಸಲಿಲ್ಲ. ಉಸಿರೆಳೆದುಕೊಂಡು ಮತ್ತೊಮ್ಮೆ ಕೂಗಿದಳು. ಛಾವಣಿಯ ಮೇಲಿದ್ದ ಪಾರಿವಾಳಗಳು ಹಾರಿದವು.

ಮೊದಲ ಗಿರಾಕಿ ಬಂದ. ವರ್ಷದ ಮೊದಲ ಬೋಣಿಗೆಯಲ್ಲವೇ, ಅಜ್ಜಿ ಸೊಪ್ಪಿನ ಕಟ್ಟು ಕೈಯಲ್ಲೇ ಹಿಡಿದುಕೊಂಡು ವಂದನೆ ಶುರುಮಾಡಿದಳು. ಅವನು ಏನೂ ತಿಳಿಯದೆ ಕಾವ್ನೂವಿನ ಕಡೆ ನೋಡಿದ.

"ಸ್ವಲ್ಪ ಹೊತ್ತಾಗುತ್ತೆ ಸಾರ್, ನಿಂತ್ಕೊಳ್ಳಿ," ಎಂದಳು ಕಾವ್ನೂ. ಆಮೇಲೆ ಅಜ್ಜಿಯ ಕಿವಿಯಲ್ಲಿ ಹೇಳಿದಳು, "ತಾತನ ಅಣ್ಣನ್ನ ಮರೀಬೇಡ."